ಕೆಸರಿನ ಲೆಕ್ಕ

ಪೆನ್ಸಿಲ್ವೇನಿಯಾ, ೧೯೩೪

ಭಾನುವಾರ ಪ್ರಾರ್ಥನೆ ಮುಗಿಸಿ ಬರುವ ಹೊತ್ತಿಗೆ
ಹಿಂಬಾಗಿಲ ಮೆಟ್ಟಿಲ ಮೇಲೆ ಮೂಟೆ ಬಿದ್ದಿರುತ್ತಿತ್ತು.
ಇಪ್ಪತ್ತಮೂರು ಉಣ್ಣೆಯಂಗಿ, ಬೀಟ್‌ರೂಟ್ ಬಣ್ಣ,
ಬೆನ್ನ ಮೇಲೆ ಬಿಳಿಯ ಅಂಕಿ.
ಹೊತ್ತು ತಂದ ಹುಡುಗ ಗ್ವಿಲಿಮ್ ನನ್ನ ಮುಖ ನೋಡುತ್ತಿರಲಿಲ್ಲ.
ಎಷ್ಟಕ್ಕೆ ಎಷ್ಟು ಎಂದು ನಾನೂ ಕೇಳುತ್ತಿರಲಿಲ್ಲ.
ಎತ್ತಿದರೆ ತಿಳಿಯುತ್ತಿತ್ತು:
ಗೆದ್ದವರ ಬಟ್ಟೆ ಇಷ್ಟು ಭಾರ ಇರಲಾರದು.

ಕಾಲ್ಚೆಂಡು ಅನ್ನುತ್ತಾರೆ ಆ ಆಟಕ್ಕೆ.
ಒಮ್ಮೆ ಬೇಲಿಯ ಸಂದಿಯಿಂದ ನೋಡಿದ್ದೆ.
ಕಾಲಿಗೆ ಅಂಥ ಕೆಲಸವೇನಿಲ್ಲ;
ಬಾತುಕೋಳಿ ಮೊಟ್ಟೆಯಂಥದೊಂದನ್ನು ಎದೆಗವುಚಿಕೊಂಡು
ಒಬ್ಬ ಓಡುತ್ತಾನೆ, ಊರೆಲ್ಲ ಬಂದು ಅವನ ಮೇಲೆ ಬೀಳುತ್ತದೆ.
ಎದ್ದು ಮತ್ತೆ ಅದೇ.
ಗಣಿಯ ಪಾಳಿ ನೋಡಿದ ಹಾಗಿತ್ತು.

ಮೊದಲ ಮೂಟೆಯಲ್ಲಿ ನದಿಯ ಕೆಸರು,
ಬೆಣ್ಣೆಯ ಹಾಗೆ ಜಾರಿ ಹೋಯಿತು.
ಎರಡನೆಯದು ಕಬ್ಬಿಣದ ಕೆಂಪು, ಮೂರು ನೀರಿಗೂ ಬಿಡಲಿಲ್ಲ;
ನಲವತ್ತೊಂದು-ಸೊನ್ನೆ ಎಂದು ಆಮೇಲೆ ತಿಳಿಯಿತು.
ಮೂರರಲ್ಲಿ ಹುಲ್ಲಿನ ಹಸಿರು, ಸಾಹುಕಾರರ ಕಾಲೇಜು,
ಅಲ್ಲಿ ಬಿದ್ದರೂ ಮೆತ್ತಗೆ ಬೀಳಬಹುದು.
ನಾಲ್ಕರಲ್ಲಿ ಬರೀ ಮಳೆ.
ಐದು ನಮ್ಮದೇ ಮೈದಾನ. ಕಪ್ಪು.
ಅದು ನನಗೆ ಗೊತ್ತಿದ್ದ ಕಪ್ಪು.
ಯೂರಾಯ್‌ನ ಅಂಗಿಗಳೂ ಹೀಗೇ ಬರುತ್ತಿದ್ದವು,
ಅಂಗಿಯ ಒಳಗೆ ಅವನು ಬರುತ್ತಿದ್ದಷ್ಟು ದಿನ.

ಔಷಧಿ ಅಂಗಡಿಯ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ
ಪ್ರತಿ ಶನಿವಾರ ಅಂಕ ಬರೆಯುತ್ತಿದ್ದರು.
ಅಕ್ಟೋಬರಿನ ನಂತರ ಎದುರಿನವರದನ್ನಷ್ಟೇ ಅಳಿಸಿ ತಿದ್ದಿದರು,
ನಮ್ಮ ಸೊನ್ನೆ ಹಾಗೇ ಇತ್ತು.

ಮೊಣಕೈಯಲ್ಲಿ ರಕ್ತವಿದ್ದರೆ ತಣ್ಣೀರು,
ಬಿಸಿನೀರು ಹಾಕಿದರೆ ಕಲೆ ನೆಲೆನಿಲ್ಲುತ್ತದೆ.
ಹದಿನಾಲ್ಕು, ಕಾಜಿಮಿರ್: ವಾರವಾರವೂ ಬಲಹೆಗಲ ಹೊಲಿಗೆ ಬಿಟ್ಟಿರುತ್ತಿತ್ತು.
ಒಂಬತ್ತು, ವಸಿಲ್: ಕಾಲರಿನಲ್ಲಿ ಹಲ್ಲಿನ ಗುರುತು,
ನೋವಿಗೆ ಕಚ್ಚಿದ್ದೋ, ನಾಚಿಕೆಗೋ.
ಮೂವತ್ತೊಂದು ಮಾತ್ರ
ಹೋದ ಹಾಗೇ, ಮಡಿಕೆ ಸಮೇತ, ವಾಪಸು.
ಆಸ್ಕರ್ ಪ್ಲೆಟ್ಸ್. ಬೆಂಚಿನ ಮೇಲೆ ಕೂತವನು.
ಅದನ್ನೂ ನೀರಿಗೆ ಹಾಕುತ್ತಿದ್ದೆ,
ಉಳಿದವರ ಜೊತೆ ತಂತಿಯ ಮೇಲೆ ಆಡಲಿ ಎಂದು.
ಅಂಗಿಗೆ ಐದು ಸೆಂಟು. ಸುಳ್ಳು ಲೆಕ್ಕವಲ್ಲ.

ಒಂಬತ್ತನೆಯ, ಕೊನೆಯ ಮೂಟೆ ಹಿಮ ಬಿದ್ದ ಮಾರನೆಯ ದಿನ ಬಂತು.
ತೋಯ್ದು ಸೆಟೆದ ತೋಳುಗಳು, ಬಿಡಿಸಿದರೆ ಹಲಗೆಯ ಸದ್ದು.
ತಳದಲ್ಲಿ ಮೂವತ್ತೊಂದು.
ಗುರುತೇ ಹತ್ತಲಿಲ್ಲ.
ಎದೆ ತುಂಬ ಕಪ್ಪು, ಬೆನ್ನಿನ ಅಂಕಿ ಅರ್ಧ ಕಿತ್ತಿದೆ,
ಬಲತೋಳಿನ ತುದಿಯಲ್ಲಿ ಸುಣ್ಣ.
ಮೈದಾನದ ಕೊನೆಗೆ ಸುಣ್ಣದ ಗೆರೆ ಎಳೆದಿರುತ್ತಾರೆ,
ಅದನ್ನು ದಾಟಿದರೆ ಆರು. ಅಷ್ಟು ನನಗೂ ಗೊತ್ತು.
ಒದ್ದೆ ಕೈಯಲ್ಲೇ ಹೊರಗೆ ಓಡಿದೆ.
ದಾಟಿದನೇನೋ?
ಗ್ವಿಲಿಮ್ ಮೊದಲ ಸಲ ನನ್ನ ಮುಖ ನೋಡಿದ.
“ಕೈ ದಾಟಿತು.
ಚೆಂಡು ಇನ್ನೊಂದು ಕೈಯಲ್ಲಿತ್ತು.”

ಸುಣ್ಣವನ್ನು ಒಣಗಿದ್ದಾಗಲೇ ಕೊಡವಬೇಕು.
ಯೋಚನೆಯಲ್ಲಿ ನೀರು ಸುರಿದೆ.
ಬೆರಳು ಸುಟ್ಟಿತು, ಉಣ್ಣೆ ತೂತಾಯಿತು.

ಡಿಸೆಂಬರಿನಲ್ಲಿ ತರಬೇತುದಾರ ಪ್ರೆಂಡರ್‌ಗಾಸ್ಟ್ ಬಂದರು, ಟೋಪಿ ಕೈಯಲ್ಲಿ.
ಮುಂದಿನ ವರ್ಷ ತಂಡ ಇಲ್ಲ. ಕಾಲೇಜಿನ ಹತ್ತಿರ ಕಾಸಿಲ್ಲ.
ನನಗೆ ಬರಬೇಕಾದ ಹತ್ತು ಡಾಲರು ಮೂವತ್ತೈದು ಸೆಂಟಿಗೆ
ಅಂಗಿಗಳನ್ನೇ ಇಟ್ಟುಕೊಳ್ಳಿ ಎಂದರು.
“ಒಂದಾದರೂ ಗೆಲ್ಲಿಸಬೇಕಿತ್ತು ನಾನು” ಎಂದರು,
ಯಾರೂ ಕೇಳದಿದ್ದರೂ.
ಕಾಫಿ ಕೊಟ್ಟೆ. ಸಕ್ಕರೆ ಇರಲಿಲ್ಲ.

ಆ ಚಳಿಗಾಲ ನಮ್ಮ ಓಣಿಯ ಮಕ್ಕಳು
ಮೊಣಕಾಲವರೆಗೆ ಬೀಟ್‌ರೂಟ್ ಬಣ್ಣ ಹೊದ್ದು ಶಾಲೆಗೆ ಹೋದರು.
ಹದಿನಾಲ್ಕರ ಹಿಂದೆ ಒಂಬತ್ತು, ಒಂಬತ್ತರ ಹಿಂದೆ ನಲವತ್ತು,
ಹಿಮದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.
ತೂತಿನ ಅಂಗಿಯನ್ನು ಯಾರೂ ಕೊಳ್ಳಲಿಲ್ಲ.
ಅದು ನನ್ನ ಮೈಮೇಲಿದೆ.
ತೋಳು ಉದ್ದ; ಒಗೆಯಲು ಕೂರುವ ಮುಂಚೆ
ಎರಡೂ ಕಡೆ ಮೂರು ಮಡಿಕೆ ಮೇಲಕ್ಕೆ ಸುತ್ತುತ್ತೇನೆ.
ತೂತು ಒಳಗೆ ಹೋಗುತ್ತದೆ.